ನೀನು ಹೋಗಿರು, ನಾನು ಹಿಂದೆಯೇ ಬರುತ್ತೇನೆ

ಎ ವರ್ಷ, ಸಾಧಾರಣ ಕಾಲದ 6ನೇ ಭಾನುವಾರದ ಪ್ರಬೋಧನೆ
ಶುಭಸಂದೇಶ: ಮತ್ತಾಯ 5:17–37



ಈ ಭಾನುವಾರದ ಶುಭಸಂದೇಶ ಉದ್ದವಾದದ್ದು. ಯೇಸುಸ್ವಾಮಿ ಅದರಲ್ಲಿ ಒಂದಾದ ಮೇಲೆ ಒಂದರಂತೆ ನಾಲ್ಕು ವಿಷಯಗಳನ್ನು ಎತ್ತಿಕೊಳ್ಳುತ್ತಾರೆ: ಕೋಪ, ಕೆಟ್ಟ ದೃಷ್ಟಿ, ವಿವಾಹ ವಿಚ್ಛೇದನ, ಆಣೆ ಪ್ರಮಾಣ. ವಿಚ್ಛೇದನದ ಆ ಎರಡು ವಚನಗಳನ್ನು ಓದುವಾಗ ದೇವಾಲಯದಲ್ಲಿ ಕೆಲವರು ತಲೆ ತಗ್ಗಿಸುತ್ತಾರೆ. ಉಳಿದವರು, ಈ ಮಾತು ನಮಗಲ್ಲ, ನಮ್ಮ ಮನೆಯಲ್ಲಿ ಅಂಥದ್ದೇನೂ ನಡೆದಿಲ್ಲ ಎಂದು ನೆಮ್ಮದಿಯಿಂದ ಕೇಳಿ ಮನೆಗೆ ಹೋಗುತ್ತಾರೆ.

ಆದರೆ ಸ್ವಾಮಿಯ ಮಾತಿನ ಕ್ರಮವನ್ನು ಸ್ವಲ್ಪ ಗಮನಿಸಿ. ವಿಚ್ಛೇದನದ ಮಾತು ಬರುವುದು 31ನೇ ವಚನದಲ್ಲಿ. ಅದಕ್ಕೂ ಮುಂಚೆ, 22ನೇ ವಚನದಲ್ಲೇ, ತನ್ನ ಸಹೋದರನನ್ನು ‘ರಕಾ’ ಎಂದು ಕರೆಯುವವನ ಮಾತು ಬಂದಿದೆ. ರಕಾ ಎಂಬುದು ಅರಮಾಯಿಕ್ ಭಾಷೆಯ ಬೈಗುಳ. ಟೊಳ್ಳು ಮನುಷ್ಯ, ಲೆಕ್ಕಕ್ಕಿಲ್ಲದವನು, ಯಾವುದಕ್ಕೂ ಬಾರದವನು ಎಂದು ಅದರ ಅರ್ಥ. ಕೊಲೆ ಮಾಡಬಾರದು ಎಂಬ ಕಟ್ಟಳೆಯನ್ನು ವಿವರಿಸುತ್ತಾ ಸ್ವಾಮಿ ಈ ಬೈಗುಳವನ್ನು ಅದೇ ಸಾಲಿಗೆ ಸೇರಿಸುತ್ತಾರೆ. ಒಬ್ಬರನ್ನು ಲೆಕ್ಕಕ್ಕಿಲ್ಲದವರೆಂದು ಎಣಿಸುವುದು ಮೊದಲು, ಬಿಟ್ಟುಬಿಡುವುದು ಆಮೇಲೆ. ವಕೀಲರ ನೋಟಿಸು ಬಂದ ದಿನ ಮದುವೆ ಮುರಿಯುವುದಿಲ್ಲ. ಅಂದು ಅದು ಊರಿಗೆ ಗೊತ್ತಾಗುತ್ತದೆ, ಅಷ್ಟೆ.

ಈ ಕ್ರಮವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಒಂದು ಹಳೆಯ ಫ್ರೆಂಚ್ ಚಲನಚಿತ್ರವಿದೆ. ಇಂದು ಆ ಕಥೆಯನ್ನು ಹಿಡಿದುಕೊಂಡೇ ಶುಭಸಂದೇಶವನ್ನು ಧ್ಯಾನಿಸೋಣ.

ಚಿತ್ರದ ಹೆಸರು ‘ಲ ಮೆಪ್ರಿ’. ಕನ್ನಡದಲ್ಲಿ ಹೇಳುವುದಾದರೆ ತಾತ್ಸಾರ, ತಿರಸ್ಕಾರ. ಜಾನ್ ಲುಕ್ ಗೊದಾರ್ ಅದನ್ನು ನಿರ್ದೇಶಿಸಿದ್ದು 1963ರಲ್ಲಿ. ಇಟಲಿಯ ಲೇಖಕ ಆಲ್ಬರ್ಟೊ ಮೊರಾವಿಯಾ 1954ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಆಧಾರ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಚಿತ್ರ ಅದಲ್ಲ. ನೋಡಲೇಬೇಕೆಂದು ನಾನು ಹೇಳುವುದೂ ಇಲ್ಲ. ಪೂಜೆಯಲ್ಲಿ ಸಿನಿಮಾ ಮಾತೇಕೆ ಎಂದು ಕೇಳುವವರಿಗೆ ಒಂದು ಮಾತು. ಆ ಚಿತ್ರ ಬಂದ ವರ್ಷವೇ, 1963ರ ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಸಮೂಹ ಮಾಧ್ಯಮಗಳ ಕುರಿತು ‘ಇಂಟರ್ ಮಿರಿಫಿಕಾ’ ಎಂಬ ಆಜ್ಞಾಪತ್ರವನ್ನು ಹೊರಡಿಸಿತು. ಕೆಡುಕನ್ನು ಚಿತ್ರಿಸುವ ಕೃತಿ ಕೂಡ, ಹದ ಮೀರದಿದ್ದರೆ, ಮನುಷ್ಯನನ್ನು ಆಳವಾಗಿ ಅರಿಯಲು ನೆರವಾಗಬಲ್ಲದು ಎಂದು ಅದರ 7ನೇ ಪ್ಯಾರಾ ತಿಳಿಸುತ್ತದೆ.

ಕಥೆ ಇಷ್ಟು. ರೋಮ್ ನಗರದಲ್ಲಿ ಪೌಲ್ ಎಂಬ ಬರಹಗಾರ, ಅವನ ಹೆಂಡತಿ ಕಮೀಲ್. ಅವಳು ಹಿಂದೆ ಟೈಪಿಸ್ಟ್ ಕೆಲಸದಲ್ಲಿದ್ದವಳು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಪ್ರಾಣ. ಹೊಸ ಫ್ಲಾಟ್ ತೆಗೆದುಕೊಂಡಿದ್ದಾರೆ, ಅದರ ಹಣ ಕಟ್ಟಬೇಕು. ಅಷ್ಟರಲ್ಲಿ ಪ್ರೊಕೊಶ್ ಎಂಬ ಅಮೆರಿಕದ ನಿರ್ಮಾಪಕ ಪೌಲನನ್ನು ಕರೆಸುತ್ತಾನೆ. ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ಯನ್ನು ಅವನು ಸಿನಿಮಾ ಮಾಡಿಸುತ್ತಿದ್ದಾನೆ. ಯುದ್ಧ ಮುಗಿಸಿದ ಮೇಲೆ ವರ್ಷಗಟ್ಟಲೆ ಕಡಲಲ್ಲಿ ಅಲೆದು ಮನೆ ಸೇರಿದ ಯುಲಿಸಿಸ್, ಅವನಿಗಾಗಿ ಕಾದು ಕುಳಿತ ಹೆಂಡತಿ ಪೆನೆಲೊಪೆ, ಇವರ ಕಥೆ ಅದು. ನಿರ್ದೇಶಕರು ಫ್ರಿಟ್ಸ್ ಲಾಂಗ್. ನಿಜಜೀವನದಲ್ಲೂ ಹೆಸರಾಂತ ನಿರ್ದೇಶಕರಾಗಿದ್ದ ಅವರು ಇಲ್ಲಿ ತಮ್ಮದೇ ಪಾತ್ರ ಮಾಡಿದ್ದಾರೆ. ಅವರು ತೆಗೆದ ಚಿತ್ರ ನಿರ್ಮಾಪಕನಿಗೆ ಹಿಡಿಸಿಲ್ಲ. ಅದನ್ನು ತಿದ್ದಿ ಬರೆಯಲು ಪೌಲ್ ಬೇಕು. ಕೂಲಿ 10,000 ಡಾಲರ್. ಚೆಕ್ ಬರೆಯಲು ಮೇಜಿಲ್ಲ. ನಿರ್ಮಾಪಕನ ಕೈಕೆಳಗಿನ ಹೆಣ್ಣುಮಗಳು ಫ್ರಾಂಚೆಸ್ಕಾ ಬಗ್ಗಿ ನಿಲ್ಲುತ್ತಾಳೆ. ಅವಳ ಬೆನ್ನ ಮೇಲೆಯೇ ಕಾಗದ ಇಟ್ಟು ಅವನು ಚೆಕ್ ಬರೆಯುತ್ತಾನೆ. ಪೌಲ್ ಅದನ್ನು ನೋಡುತ್ತಾನೆ. ಏನೂ ಹೇಳದೆ ಚೆಕ್ಕನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ.

ಅದೇ ಹೊತ್ತಿಗೆ ಕಮೀಲ್ ಗಂಡನನ್ನು ಹುಡುಕಿಕೊಂಡು ಸ್ಟುಡಿಯೋಗೆ ಬರುತ್ತಾಳೆ. ನಿರ್ಮಾಪಕ ಇಬ್ಬರನ್ನೂ ತನ್ನ ಬಂಗಲೆಗೆ ಕರೆಯುತ್ತಾನೆ. ಅವನದು ಎರಡೇ ಸೀಟಿನ ಕೆಂಪು ಕಾರು. ಕಮೀಲ್ ನನ್ನ ಜೊತೆ ಬರಲಿ, ನೀನು ಬೇರೆ ಬಾ ಎನ್ನುತ್ತಾನೆ. ಅವಳಿಗೆ ಇಷ್ಟವಿಲ್ಲ. ಗಂಡನ ಮುಖ ನೋಡುತ್ತಾಳೆ. ಗಂಡನೋ, ನೀನು ಹೋಗಿರು, ನಾನು ಟ್ಯಾಕ್ಸಿ ಹಿಡಿದು ಹಿಂದೆಯೇ ಬರುತ್ತೇನೆ ಎಂಬಂತೆ ಅವಳನ್ನು ಕಳಿಸಿಬಿಡುತ್ತಾನೆ. ಕಾರು ಹೊರಡುತ್ತದೆ. ಅವನು ತಡವಾಗಿ ಬಂದು, ದಾರಿಯಲ್ಲಿ ಟ್ಯಾಕ್ಸಿಗೆ ಏನೋ ಆಯಿತು ಎಂದು ಕಾರಣ ಹೇಳುತ್ತಾನೆ. ಅವಳಿಗೆ ಅದನ್ನು ಕೇಳುವ ಮನಸ್ಸೇ ಇಲ್ಲ.

ಪ್ರಿಯರೇ, ಆ ಚಿತ್ರದಲ್ಲಿ ಮದುವೆ ಮುರಿಯುವುದು ಅಲ್ಲೇ. ಯಾರೂ ಕೂಗಾಡಲಿಲ್ಲ, ಯಾರೂ ಅಳಲಿಲ್ಲ. ಹೊರಗಿನವರ ಕಣ್ಣಿಗೆ ನಡೆದದ್ದು ಇಷ್ಟೇ: ಒಬ್ಬಳು ಕಾರು ಹತ್ತಿದಳು, ಒಬ್ಬ ಟ್ಯಾಕ್ಸಿಗೆ ಕಾದ. ಆದರೆ ಕಮೀಲಳ ಮನಸ್ಸಿಗೆ ಒಂದು ಸಂಗತಿ ಹೊಳೆದುಬಿಟ್ಟಿತ್ತು. ಕೆಲಸ ಕೊಡುವ ಧಣಿಗೆ ಬೇಸರವಾಗದಿರಲಿ ಎಂದು ನನ್ನ ಗಂಡ ನನ್ನನ್ನು ಮುಂದೆ ತಳ್ಳಿದ.

ಮುಂದೆ ಸುಮಾರು ಅರ್ಧ ಗಂಟೆ ಚಿತ್ರ ಆ ಫ್ಲಾಟಿನೊಳಗೇ ನಡೆಯುತ್ತದೆ. ಗೃಹಪ್ರವೇಶದ ಸಂಭ್ರಮ ಇರಬೇಕಾದ ಮನೆ. ಗಂಡ ಹೆಂಡತಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಾರೆ. ಮಾತಾಡುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಶುರು ಮಾಡುತ್ತಾರೆ. ನಿನಗೇನಾಯಿತು ಎಂದು ಅವನು ಕೇಳುತ್ತಾನೆ. ಏನಿಲ್ಲ ಎನ್ನುತ್ತಾಳೆ. ಒಂದು ಹಂತದಲ್ಲಿ ಅವನು ಅವಳ ಕೆನ್ನೆಗೆ ಹೊಡೆಯುತ್ತಾನೆ. ರಾತ್ರಿ ಸೋಫಾದ ಮೇಲೆ ಮಲಗುತ್ತೇನೆ ಎನ್ನುತ್ತಾಳೆ. ಒಂದು ಕಡೆ ಇಬ್ಬರೂ ಎದುರುಬದುರು ಕೂರುತ್ತಾರೆ, ನಡುವೆ ಒಂದು ಮೇಜುದೀಪ. ಕ್ಯಾಮೆರಾ ಅವನ ಕಡೆ ಹೋಗುತ್ತದೆ, ಅವಳ ಕಡೆ ಬರುತ್ತದೆ. ಇಬ್ಬರೂ ಒಟ್ಟಿಗೆ ನಮಗೆ ಕಾಣುವುದೇ ಇಲ್ಲ. ಕೊನೆಗೆ ಅವಳ ಬಾಯಿಂದ ಆ ಮಾತು ಬರುತ್ತದೆ: ನಿನ್ನನ್ನು ಕಂಡರೆ ನನಗೆ ತಾತ್ಸಾರ.

ಆಮೇಲೆ ಎಲ್ಲರೂ ಚಿತ್ರೀಕರಣಕ್ಕಾಗಿ ಕಾಪ್ರಿ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿಯೂ ನಿರ್ಮಾಪಕ ಕಮೀಲಳನ್ನು ತನ್ನ ಜೊತೆ ಬಂಗಲೆಗೆ ಕರೆಯುತ್ತಾನೆ. ಪೌಲ್ ಎರಡನೇ ಸಲವೂ, ಹೋಗಿ ಬಾ, ನನಗೆ ಇಲ್ಲಿ ಕೆಲಸವಿದೆ ಎನ್ನುತ್ತಾನೆ. ಅವನು ಹಿಂದೆ ಹೋಗುವಷ್ಟರಲ್ಲಿ ಹೆಂಡತಿ ಇನ್ನೊಬ್ಬನ ತೋಳಿನಲ್ಲಿರುವುದು ಕಿಟಕಿಯಿಂದ ಕಾಣುತ್ತದೆ. ಆಗ ಅವನು ಕೆಲಸ ಬೇಡವೆನ್ನುತ್ತಾನೆ. ನನ್ನನ್ನು ಯಾಕೆ ಕೀಳಾಗಿ ಕಾಣುತ್ತೀಯೆ, ಕಾರಣ ಹೇಳು ಎಂದು ಬೇಡುತ್ತಾನೆ. ಸತ್ತರೂ ಹೇಳುವುದಿಲ್ಲ ಎನ್ನುತ್ತಾಳೆ. ಒಂದು ಚೀಟಿ ಬರೆದಿಟ್ಟು ನಿರ್ಮಾಪಕನ ಜೊತೆ ರೋಮ್ ಕಡೆಗೆ ಹೊರಡುತ್ತಾಳೆ. ಹೋಗಿ ಮತ್ತೆ ಟೈಪಿಸ್ಟ್ ಕೆಲಸಕ್ಕೆ ಸೇರುತ್ತೇನೆ ಎಂದು ದಾರಿಯಲ್ಲಿ ಹೇಳುತ್ತಾಳೆ. ಅದೇ ದಾರಿಯಲ್ಲಿ ಆ ಕೆಂಪು ಕಾರು ದೊಡ್ಡ ಲಾರಿಗೆ ಸಿಕ್ಕಿ ಇಬ್ಬರೂ ಸಾಯುತ್ತಾರೆ. ಕೊನೆಯ ದೃಶ್ಯದಲ್ಲಿ, ತಾಯ್ನಾಡು ಕಂಡ ಯುಲಿಸಿಸನ ಚಿತ್ರೀಕರಣ ನಡೆಯುತ್ತಿರುತ್ತದೆ. ಕ್ಯಾಮೆರಾ ಅವನು ನೋಡುವ ಕಡೆಗೆ ಸರಿದಾಗ ನಮಗೆ ಕಾಣುವುದು ಬರೀ ಕಡಲು, ಬರೀ ಆಕಾಶ. ಪೌಲನಿಗೆ ಮರಳಲು ಮನೆಯಿಲ್ಲ.

ಇದು ಫ್ರಾನ್ಸ್, ಇಟಲಿ ದೇಶದ ಸಿನಿಮಾ ಮಂದಿಯ ಕಥೆ, ನಮಗೇಕೆ ಎನ್ನಬೇಡಿ. ಪವಿತ್ರ ಗ್ರಂಥ ಇದನ್ನು ಬಹು ಮುಂಚೆಯೇ ಹೇಳಿದೆ. ಆದಿಕಾಂಡದ 12ನೇ ಅಧ್ಯಾಯವನ್ನು ತೆರೆಯಿರಿ. ದೇಶದಲ್ಲಿ ಬರ. ಅಬ್ರಾಮ ಹೆಂಡತಿ ಸಾರಯಳನ್ನು ಕರೆದುಕೊಂಡು ಈಜಿಪ್ಟಿಗೆ ಇಳಿಯುತ್ತಾನೆ. ನೀನು ಚೆಲುವೆ, ನಿನಗಾಗಿ ನನ್ನನ್ನು ಕೊಂದಾರು, ಆದ್ದರಿಂದ ನನ್ನ ತಂಗಿ ಎಂದು ಹೇಳಿಬಿಡು ಎನ್ನುತ್ತಾನೆ. ಅವಳನ್ನು ಫರೋಹನ ಅರಮನೆಗೆ ಕರೆದೊಯ್ಯುತ್ತಾರೆ. ಅಬ್ರಾಮನಿಗೆ ಏನು ಸಿಕ್ಕಿತು? ಕುರಿ, ದನ, ಕತ್ತೆ, ಆಳುಕಾಳು, ಒಂಟೆ. ಗ್ರಂಥ ಅದರ ಪಟ್ಟಿಯನ್ನೇ ಕೊಡುತ್ತದೆ. ಆ ಇಡೀ ಪ್ರಸಂಗದಲ್ಲಿ ಸಾರಯಳ ಬಾಯಿಂದ ಒಂದು ಮಾತೂ ಬರೆದಿಲ್ಲ. 20ನೇ ಅಧ್ಯಾಯದಲ್ಲಿ, ಗೆರಾರಿನ ಅರಸ ಅಬೀಮೆಲೆಕನ ಊರಲ್ಲಿ, ಅವನು ಮತ್ತೆ ಅದನ್ನೇ ಮಾಡುತ್ತಾನೆ. ವಿಶ್ವಾಸಿಗಳ ಪಿತಾಮಹನೆಂದು ನಾವು ಕರೆಯುವವನೇ ಎರಡು ಸಲ ಹೆಂಡತಿಯನ್ನು ಮುಂದೆ ತಳ್ಳಿ ತಾನು ಹಿಂದೆ ನಿಂತ. ಎರಡು ಸಲವೂ ಅವಳನ್ನು ಕಾಪಾಡಿದ್ದು ದೇವರು. ಗಂಡ ಬಿಟ್ಟುಕೊಟ್ಟವಳನ್ನು ದೇವರು ಬಿಟ್ಟುಕೊಡಲಿಲ್ಲ.

ಈಗ ಹೊಸ ಒಡಂಬಡಿಕೆಗೆ ಬನ್ನಿ. ಅದೇ ಈಜಿಪ್ಟಿಗೆ ಇನ್ನೊಬ್ಬ ಗಂಡ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾರೆ. ಸಂತ ಜೋಸೆಫರು. ಮರಿಯಮ್ಮನವರು ಗರ್ಭಿಣಿಯೆಂದು ತಿಳಿದಾಗ ಅವರ ಮನಸ್ಸಿಗೆ ಎಷ್ಟು ನೋವಾಗಿರಬೇಕು! ಆಗಲೂ ಆಕೆಯ ಮಾನ ಬೀದಿಗೆ ಬರಬಾರದು ಎಂಬುದೇ ಅವರ ಮೊದಲ ಚಿಂತೆ (ಮತ್ತಾಯ 1:19). ದೇವದೂತನ ಮಾತು ಕೇಳಿ ಆಕೆಯನ್ನು ಮನೆ ತುಂಬಿಸಿಕೊಂಡರು. ಹೆರೋದನ ಕತ್ತಿ ಬಂದಾಗ ರಾತ್ರೋರಾತ್ರಿ ಎದ್ದು ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿಗೆ ನಡೆದರು. ಅಬ್ರಾಮ ತನ್ನ ಜೀವ ಉಳಿಸಿಕೊಳ್ಳಲು ಈಜಿಪ್ಟಿನಲ್ಲಿ ಹೆಂಡತಿಯನ್ನು ಬಿಟ್ಟುಕೊಟ್ಟ. ಜೋಸೆಫರು ಅವರಿಬ್ಬರ ಜೀವ ಉಳಿಸಲು ತಮ್ಮ ಊರು, ಬಡಗಿ ಕೆಲಸ, ನೆಮ್ಮದಿ ಎಲ್ಲವನ್ನೂ ಬಿಟ್ಟರು. ಶುಭಸಂದೇಶದಲ್ಲಿ ಅವರ ಬಾಯಿಂದಲೂ ಒಂದು ಮಾತು ಬರೆದಿಲ್ಲ. ಮಾತಿನ ಜಾಗದಲ್ಲಿ ಅವರು ಮಾಡಿದ ಕೆಲಸ ಇದೆ.

ನಮ್ಮ ಮನೆಗಳ ಮಾತಿಗೆ ಬರೋಣ. ನಮ್ಮಲ್ಲಿ ಕೆಂಪು ಕಾರಿನ ಧಣಿಗಳು ಕಡಿಮೆ. ಆದರೆ ಹೆಂಡತಿಯನ್ನು ಮುಂದೆ ತಳ್ಳುವುದು ಕಡಿಮೆಯೇ? ಸಾಲ ಕೊಟ್ಟವನು ಮನೆ ಬಾಗಿಲಿಗೆ ಬಂದಾಗ ಗಂಡ ಹಿತ್ತಿಲ ಬಾಗಿಲಿನಿಂದ ಹೊರಟು, ‘ನಾನಿಲ್ಲ ಅಂತ ಹೇಳು’ ಎಂದು ಹೆಂಡತಿಯನ್ನು ಕಳಿಸುವುದುಂಟು. ಅವಳ ಹೆಸರಿನಲ್ಲಿ ಸಂಘದ ಸಾಲ ತೆಗೆಸಿ, ಹಣ ತಾನು ಖರ್ಚು ಮಾಡಿ, ವಾರದ ಕಂತು ಕಟ್ಟಲಾಗದೆ ಹತ್ತು ಜನರ ಮುಂದೆ ತಲೆ ತಗ್ಗಿಸುವ ಕೆಲಸವನ್ನು ಅವಳಿಗೇ ಬಿಡುವುದುಂಟು. ತವರಿನವರು ಹಾಕಿದ ಬಳೆಯನ್ನು ಕೇಳದೆ ಅಡವಿಡುವುದುಂಟು. ತವರಿಗೆ ಹೋಗಿ ಹಣ ತಾ ಎಂದು ಬಸ್ಸು ಹತ್ತಿಸುವುದುಂಟು. ತಾಯಿ, ಅಕ್ಕತಂಗಿಯರು ಅವಳನ್ನು ಹೀಯಾಳಿಸುವಾಗ ತಟ್ಟೆಯಲ್ಲಿ ಮುಖ ಹುದುಗಿಸಿ ಊಟ ಮುಗಿಸಿ ಏಳುವುದುಂಟು. ಇವೆಲ್ಲ ‘ನೀನು ಹೋಗಿರು, ನಾನು ಹಿಂದೆಯೇ ಬರುತ್ತೇನೆ’ ಎಂಬ ಮಾತಿನ ನಮೂನೆಗಳು.

ಹೆಂಗಸರಿಗೂ ಒಂದು ಮಾತು, ಅಕ್ಕಂದಿರು ಬೇಸರ ಮಾಡಿಕೊಳ್ಳಬೇಡಿ. ಗಂಡನ ದುಡಿಮೆ ಸಾಲದೆ ಬಂದಾಗ ಮಕ್ಕಳ ಎದುರಿಗೇ ‘ನಿಮ್ಮಪ್ಪನ ಕೈಯಲ್ಲಿ ಏನಾಗುತ್ತೆ’ ಎನ್ನುವುದು, ಅವನು ಬಾಯಿ ಬಿಡುವ ಮುಂಚೆಯೇ ಮುಖ ತಿರುಗಿಸುವುದು, ನೆರೆಮನೆಯ ಗಂಡನನ್ನು ತೂಗಿ ತೋರಿಸುವುದು, ಇದೂ ರಕಾ ಎಂಬ ಬೈಗುಳವೇ. ಬೈಗುಳಕ್ಕೆ ಮಾತೇ ಬೇಕೆಂದಿಲ್ಲ. ಒಂದು ನೋಟ ಸಾಕು. ಮಕ್ಕಳು ಆ ನೋಟವನ್ನು ಬೇಗ ಕಲಿಯುತ್ತಾರೆ.

ಕೋಪಕ್ಕೂ ತಾತ್ಸಾರಕ್ಕೂ ವ್ಯತ್ಯಾಸವಿದೆ. ಕೋಪ ಬಂದವರು ಜಗಳ ಆಡುತ್ತಾರೆ. ಜಗಳ ಆಡುವವರಿಗೆ ಇನ್ನೂ ಆಸೆ ಇರುತ್ತದೆ: ಹೇಳಿದರೆ ಇವರು ಕೇಳಿಯಾರು, ತಿದ್ದಿಕೊಂಡಾರು ಎಂದು. ತಾತ್ಸಾರ ಬಂದವರು ಹೇಳುವುದನ್ನೇ ಬಿಡುತ್ತಾರೆ. ಕಮೀಲ್ ಕಾರಣ ಹೇಳಲಿಲ್ಲ. ಅದು ಅವಳ ತಪ್ಪೇ ಎಂದು ಕೇಳಿದರೆ, ಭಾಗಶಃ ಹೌದು. ಅಂದು ರಾತ್ರಿಯೇ, ‘ನನ್ನನ್ನು ಆ ಕಾರಿಗೆ ಯಾಕೆ ಹತ್ತಿಸಿದಿರಿ?’ ಎಂದು ಕೇಳಿದ್ದರೆ ಆ ಮನೆ ಉಳಿಯುತ್ತಿತ್ತೋ ಏನೋ. ಸೂರ್ಯ ಮುಳುಗುವ ಮುಂಚೆ ಕೋಪವನ್ನು ಮುಗಿಸಿರಿ ಎಂದು ಸಂತ ಪೌಲರು ಎಫೆಸದವರಿಗೆ ಬುದ್ಧಿ ಹೇಳಿದ್ದು (ಎಫೆಸ 4:26) ಇದಕ್ಕೇ. ಸೂರ್ಯ ಮುಳುಗಿದ ಮೇಲೂ ಒಳಗೇ ಇಟ್ಟುಕೊಂಡ ಕೋಪ ಬೆಳಗಾಗುವಷ್ಟರಲ್ಲಿ ಬೇರೆ ರೂಪ ತಾಳಿರುತ್ತದೆ.

ನಮ್ಮಂಥ ಧರ್ಮಕ್ಷೇತ್ರದವರಿಗೆ ಆ ಚಿತ್ರದಲ್ಲಿ ಇನ್ನೊಂದು ಪಾಠವಿದೆ. ಅದರಲ್ಲಿ ನಾಲ್ಕು ಭಾಷೆಗಳಿವೆ. ನಿರ್ಮಾಪಕನಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಗಂಡ ಹೆಂಡತಿ ಫ್ರೆಂಚ್ ಮಾತಾಡುತ್ತಾರೆ. ಲಾಂಗ್ ಅವರದು ಜರ್ಮನ್, ಸುತ್ತಲಿನವರದು ಇಟಾಲಿಯನ್. ಎಲ್ಲರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಗಿಸಿ ಹೇಳುವವಳು ಫ್ರಾಂಚೆಸ್ಕಾ. ಇಟಲಿಯಲ್ಲಿ ಚಿತ್ರ ಬಿಡುಗಡೆ ಮಾಡುವಾಗ ಎಲ್ಲರ ಬಾಯಲ್ಲೂ ಇಟಾಲಿಯನ್ ಮಾತು ಹಾಕಿ ಡಬ್ ಮಾಡಿದರು. ಫ್ರಾಂಚೆಸ್ಕಾಳ ಕೆಲಸಕ್ಕೆ ಆಗ ಅರ್ಥವೇ ಉಳಿಯಲಿಲ್ಲ. ಗೊದಾರ್ ಆ ಪ್ರತಿಯಿಂದ ತಮ್ಮ ಹೆಸರನ್ನೇ ತೆಗೆಸಿದರು. ಚಿತ್ರದ ತಿರುಳು ಅಲ್ಲಿತ್ತು. ಭಾಷೆ ಬೇರೆ ಇದ್ದವರ ನಡುವೆ ದುಭಾಷಿ ಇದ್ದಳು, ವ್ಯವಹಾರ ನಡೆಯಿತು. ಒಂದೇ ಭಾಷೆಯ ಗಂಡ ಹೆಂಡತಿಯ ನಡುವೆ ಯಾರೂ ಇರಲಿಲ್ಲ.

ನಮಗೆ ಇದು ಹೊಸದಲ್ಲ. ಧರ್ಮಾಧ್ಯಕ್ಷರ ಸುತ್ತೋಲೆ ಬೇರೆ ಭಾಷೆಯಲ್ಲಿ ಬಂದರೆ ಯಾರಾದರೊಬ್ಬರು ಅದನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಾರೆ. ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಭಾಷೆ ಬಾರದ ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳು ನಿಂತು ಹೇಳುತ್ತಾಳೆ. ಗಂಡ ಒಂದು ಭಾಷೆಯವನು, ಹೆಂಡತಿ ಇನ್ನೊಂದು ಭಾಷೆಯವಳು ಆಗಿರುವ ಕುಟುಂಬಗಳೂ ನಮ್ಮಲ್ಲಿವೆ. ಅವರ ಮನೆಯಲ್ಲಿ ಏನಾದರೂ ತಕರಾರಾದರೆ, ಭಾಷೆ ಬೇರೆಯಾದ್ದರಿಂದ ಹೀಗಾಯಿತು ಎಂದು ಊರು ಹೇಳುತ್ತದೆ. ಅಂಥ ಎಷ್ಟೋ ದಂಪತಿಗಳು, ಅರ್ಥವಾಯಿತೋ ಇಲ್ಲವೋ ಎಂಬ ಅನುಮಾನದಿಂದಲೇ, ಒಂದು ಮಾತನ್ನು ಎರಡು ಸಲ ಕೇಳಿ ತಿಳಿದುಕೊಳ್ಳುತ್ತಾರೆ. ಒಂದೇ ಭಾಷೆಯವರಾದ ನಾವು ಕೇಳುವುದೇ ಇಲ್ಲ. ಹೇಳದಿದ್ದರೂ ಗೊತ್ತಾಗಬೇಕು ಎಂದು ಅವಳು, ಹೇಳದಿದ್ದರೆ ಏನೂ ಇಲ್ಲವೆಂದೇ ಅರ್ಥ ಎಂದು ಅವನು.

ಹಾಗಾದರೆ ಮಾಡಬೇಕಾದದ್ದೇನು? ಸ್ವಾಮಿ ರಕಾ ಎಂಬ ಬೈಗುಳದ ಮಾತನ್ನು ಹೇಳಿ ಅಲ್ಲಿಗೇ ಬಿಡುವುದಿಲ್ಲ. ಮುಂದಿನ ವಚನಗಳಲ್ಲಿ ದಾರಿ ತೋರಿಸುತ್ತಾರೆ. ನೀನು ಬಲಿಪೀಠದ ಮುಂದೆ ಕಾಣಿಕೆ ತಂದಾಗ, ನಿನ್ನ ಮೇಲೆ ಒಬ್ಬರಿಗೆ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎನ್ನುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ನಿನಗೆ ಯಾರ ಮೇಲೆ ಕೋಪ ಎಂದು ಸ್ವಾಮಿ ಕೇಳುತ್ತಿಲ್ಲ. ನಿನ್ನ ಮೇಲೆ ಯಾರಿಗೆ ನೋವಿದೆ ಎಂದು ನೆನಪು ಮಾಡಿಕೋ ಎನ್ನುತ್ತಿದ್ದಾರೆ. ಮೊದಲ ಹೆಜ್ಜೆ ಇಡಬೇಕಾದವನು ನೋವು ಕೊಟ್ಟವನು.

ಪೌಲ್ ಎಡವಿದ್ದು ಇಲ್ಲೇ. ಅವನು ಮತ್ತೆ ಮತ್ತೆ ಕೇಳಿದ. ಆದರೆ ಕೇಳಿದ್ದೆಲ್ಲ ಅವಳ ಬಗ್ಗೆ: ನೀನೇಕೆ ಹೀಗಾದೆ, ನಿನಗೇನು ಬಂತು, ಕಾರಣ ಹೇಳು. ‘ಅಂದು ನಾನು ನಿನ್ನನ್ನು ಆ ಕಾರಿಗೆ ಹತ್ತಿಸಿದೆ, ನಿನಗೆ ಇಷ್ಟವಿರಲಿಲ್ಲ, ನಾನು ನೋಡಿದೆ, ಆದರೂ ಕಳಿಸಿದೆ’ ಎಂಬ ಒಂದು ವಾಕ್ಯ ಅವನ ಬಾಯಿಂದ ಬರಲಿಲ್ಲ. ಪಾಪನಿವೇದನೆಗೆ ಬಂದವರು ಗುರುಗಳ ಬಳಿ, ‘ಸ್ವಾಮಿ, ನನ್ನ ತಪ್ಪೇನೆಂದು ನೀವೇ ಹೇಳಿ’ ಎನ್ನುವುದಿಲ್ಲ. ಆತ್ಮಶೋಧನೆ ಮಾಡಿಕೊಂಡು ಬಂದು, ಇಂಥದ್ದು ಮಾಡಿದೆ ಎಂದು ಹೆಸರಿಟ್ಟು ಹೇಳುತ್ತಾರೆ. ಮನೆಯಲ್ಲೂ ಹಾಗೇ ಹೇಳಬೇಕು. ‘ಏನಾದರೂ ತಪ್ಪಾಗಿದ್ದರೆ ಕ್ಷಮಿಸು’ ಎಂಬ ಮಾತು ಮದುವೆಯ ಆಮಂತ್ರಣ ಪತ್ರದ ಕೊನೆಯ ಸಾಲಿನಂತೆ. ಅದು ಯಾರಿಗೂ ತಟ್ಟುವುದಿಲ್ಲ.

ಪೋಪ್ ಫ್ರಾನ್ಸಿಸ್ ಅವರು 2016ರ ‘ಅಮೋರಿಸ್ ಲೆತೀಸಿಯಾ’ ಎಂಬ ಪ್ರೇರಣಾ ಪತ್ರದಲ್ಲಿ ಕುಟುಂಬಕ್ಕೆ ಮೂರು ಮಾತುಗಳನ್ನು ಕಲಿಸಿದರು: ಅನುಮತಿ ಕೇಳುವ ಮಾತು, ಕೃತಜ್ಞತೆಯ ಮಾತು, ಕ್ಷಮೆಯ ಮಾತು. ಗಂಡ ಹೆಂಡತಿಯ ನಡುವೆ ‘ಧನ್ಯವಾದಗಳು’ ಎಂದು ಹೇಳುವ ರೂಢಿ ನಮ್ಮಲ್ಲಿಲ್ಲ, ಹೇಳಿದರೆ ನಗು ಬರುತ್ತದೆ. ಆದರೆ ಆ ಮೂರು ಮಾತಿಗೂ ನಮ್ಮ ಮನೆಯ ಕನ್ನಡದಲ್ಲಿ ಮಾತಿದೆ. ಒಂದು ಕೆಲಸಕ್ಕೆ ಕೈ ಹಾಕುವ ಮುಂಚೆ, ‘ನೀನೇನಂತೀಯಾ?’ ಕೆಲಸವಾದ ಮೇಲೆ, ‘ನೀನಿದ್ದೆ ಅಂತ ಆಯಿತು.’ ಕೆಟ್ಟಾಗ, ‘ನನ್ನಿಂದ ತಪ್ಪಾಯಿತು.’ ಸ್ಟುಡಿಯೋದ ಅಂಗಳದಲ್ಲಿ ಪೌಲ್ ಮೊದಲನೆಯ ಮಾತನ್ನು ಆಡಿ ಉತ್ತರಕ್ಕೆ ಕಾದಿದ್ದರೆ ಸಾಕಾಗಿತ್ತು. ಇಂದಿನ ಶುಭಸಂದೇಶದ ಕೊನೆಯಲ್ಲಿ, ಹೌದೆಂದರೆ ಹೌದಾಗಿರಲಿ, ಅಲ್ಲವೆಂದರೆ ಅಲ್ಲವಾಗಿರಲಿ ಎಂದು ಸ್ವಾಮಿ ಹೇಳುತ್ತಾರೆ. ಮನೆಯಲ್ಲಿ ಒಬ್ಬರು ‘ಬೇಡ’ ಎಂದದ್ದು ಬೇಡವಾಗಿಯೇ ಕೇಳಿಸಬೇಕು. ವಿವಾಹ ಸಂಸ್ಕಾರದ ದಿನ ನಾವು ಪ್ರೀತಿಸುತ್ತೇವೆ ಎಂದಷ್ಟೇ ಮಾತು ಕೊಡುವುದಿಲ್ಲ, ಬಾಳೆಲ್ಲ ಗೌರವಿಸುತ್ತೇವೆ ಎಂದೂ ಮಾತು ಕೊಡುತ್ತೇವೆ. ಪ್ರೀತಿಯ ಮಾತು ಸಿನಿಮಾದ ಗಂಡನಿಗೂ ಬರುತ್ತಿತ್ತು. ಅವನು ಮರೆತದ್ದು ಎರಡನೆಯದನ್ನು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಾಜಿಯಾಗು ಎಂಬ ಶುಭಸಂದೇಶವನ್ನು, ಹೊಡೆಸಿಕೊಂಡು ಸುಮ್ಮನಿರು ಎಂದು ಯಾರೂ ಓದಬಾರದು. ಕೆನ್ನೆಗೆ ಹೊಡೆದದ್ದು ಚಿತ್ರದಲ್ಲಿ ಒಂದು ಕ್ಷಣದ ದೃಶ್ಯ. ಕೆಲವು ಮನೆಗಳಲ್ಲಿ ಅದು ದಿನದ ಪಾಡು. ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ಕಾನೂನಿನ ಪ್ರಕಾರ, ಗಂಡನಾಗಲಿ ಹೆಂಡತಿಯಾಗಲಿ ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೋ ಆತ್ಮಕ್ಕೋ ಘೋರ ಅಪಾಯ ತಂದರೆ, ಬೇರೆ ಇರಲು ಅದು ನ್ಯಾಯವಾದ ಕಾರಣ. ತಡಮಾಡಿದರೆ ಅಪಾಯವೆಂದಾದರೆ ಯಾರನ್ನೂ ಕಾಯದೆ ಹೊರಡಬಹುದು. ಅಂಥ ಹೆಣ್ಣುಮಗಳು ದೇವಾಲಯದ ಬಾಗಿಲು ತಟ್ಟಿದಾಗ, ‘ಸಹಿಸಿಕೋ ಮಗಳೇ, ಎಲ್ಲರ ಮನೆಯಲ್ಲೂ ಇದ್ದದ್ದೇ’ ಎಂದು ವಾಪಸು ಕಳಿಸಿದರೆ, ನಾವೂ ಅವಳನ್ನು ಕಾರಿಗೆ ಹತ್ತಿಸಿ ಕಳಿಸಿದವರ ಸಾಲಿಗೆ ಸೇರುತ್ತೇವೆ. ತವರಿನವರಿಗೂ, ಕುಟುಂಬದ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

ಕೊನೆಯದಾಗಿ, ಮದುವೆ ಈಗಾಗಲೇ ಮುರಿದು ಬಿದ್ದವರಿಗೆ. ನೀವು ಹಿಂದಿನ ಬೆಂಚಿನಲ್ಲಿ ಕೂರುವುದು, ಪರಮಪ್ರಸಾದದ ಸಾಲು ಎದ್ದಾಗ ತಲೆ ತಗ್ಗಿಸುವುದು, ಸಂತೆಗೆ ಹೋದಂತೆ ಬಂದು ಹೋಗುವುದು ನಮಗೆ ಕಾಣುತ್ತದೆ. ಊರಿನ ತಾತ್ಸಾರವನ್ನೂ ನೀವು ಹೊತ್ತಿದ್ದೀರಿ. ಇನ್ನು ಕೆಲವೇ ದಿನಗಳಲ್ಲಿ ವಿಭೂತಿ ಬುಧವಾರ ಬರುತ್ತದೆ. ತಪಸ್ಸುಕಾಲದ 3ನೇ ಭಾನುವಾರ ಯೊವಾನ್ನನ ಶುಭಸಂದೇಶದ 4ನೇ ಅಧ್ಯಾಯ ಓದುತ್ತೇವೆ. ಮಟಮಟ ಮಧ್ಯಾಹ್ನ ಒಬ್ಬಳೇ ಬಾವಿಗೆ ಬಂದ ಸಮಾರ್ಯದ ಹೆಂಗಸು. ಐದು ಮದುವೆಯ ಕಥೆ ಅವಳದು. ಸ್ವಾಮಿ ಅವಳೊಡನೆ ಮಾತಾಡಿದಷ್ಟು ಹೊತ್ತು ಶುಭಸಂದೇಶದಲ್ಲಿ ಬೇರೆಯವರ ಜೊತೆ ಮಾತಾಡಿದ್ದು ಅಪರೂಪ. ಅವಳ ಬಾಳಿನ ಸತ್ಯವನ್ನು ಅವರು ಮುಚ್ಚಿಡಲೂ ಇಲ್ಲ, ಅದನ್ನು ಹಿಡಿದು ಅವಳನ್ನು ಕೀಳು ಮಾಡಲೂ ಇಲ್ಲ. ನೀರು ಕೊಡು ಎಂದು ಅವಳ ಮುಂದೆ ಕೈ ಚಾಚಿದರು. ವಿಚ್ಛೇದನವಾಗಿ ಮತ್ತೆ ಮದುವೆಯಾದವರು ಸಹ ತಮ್ಮನ್ನು ಧರ್ಮಸಭೆಯಿಂದ ಹೊರಗಿನವರೆಂದು ಎಣಿಸಬಾರದು ಎಂದು ಸಂತ ಎರಡನೇ ಜಾನ್ ಪೌಲರು 1981ರಲ್ಲೇ ಬರೆದರು. ಆದ್ದರಿಂದ ದೂರ ನಿಲ್ಲಬೇಡಿ. ಬಂದು ಗುರುಗಳ ಹತ್ತಿರ ಮಾತಾಡಿ. ಮಾಡಬಹುದಾದದ್ದು ಏನಿದೆ ಎಂದು ಒಟ್ಟಿಗೆ ಕುಳಿತು ನೋಡೋಣ.

ಉಳಿದ ದಂಪತಿಗಳಿಗೆ ಈ ವಾರಕ್ಕೆ ಒಂದೇ ಕೆಲಸ. ಮುಂದಿನ ಭಾನುವಾರ ಪೂಜೆಗೆ ಬರುವ ಮುಂಚೆ, ಮಕ್ಕಳು ಮಲಗಿದ ಮೇಲೆ, ಟಿವಿ ಆರಿಸಿ, ಫೋನು ದೂರ ಇಟ್ಟು ಕುಳಿತುಕೊಳ್ಳಿ. ನಾನು ನಿನ್ನನ್ನು ಮುಂದೆ ತಳ್ಳಿ ಹಿಂದೆ ನಿಂತ ಒಂದು ದಿನವನ್ನು ನೆನಪು ಮಾಡಿಕೊಂಡು ಹೆಸರಿಟ್ಟು ಹೇಳಿ. ಇನ್ನೊಬ್ಬರ ತಪ್ಪಿನ ಪಟ್ಟಿ ಅಂದು ಬೇಡ. ಕೇಳಿಸಿಕೊಂಡವರು ಕೂಡಲೇ ಕ್ಷಮಿಸಬೇಕೆಂಬ ಬಲವಂತವೂ ಬೇಡ. ಹಳೆಯ ಗಾಯಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ಮಾತು ಬಾಯಿಂದ ಬರಲಿ. ಆಮೇಲೆ ಕಾಣಿಕೆ ತನ್ನಿ.

ಪ್ರಾರ್ಥಿ‌ಸೋಣ: ಪ್ರಭು ಯೇಸುವೇ, ನಮ್ಮನ್ನು ಉಳಿಸಲು ನೀವು ಯಾರನ್ನೂ ಮುಂದೆ ತಳ್ಳಲಿಲ್ಲ, ನೀವೇ ಮುಂದೆ ನಡೆದಿರಿ. ನಮ್ಮ ಮನೆಗಳ ಗಂಡ ಹೆಂಡತಿಯರಿಗೆ ಕೇಳುವ ಕಿವಿಯನ್ನೂ ಒಪ್ಪಿಕೊಳ್ಳುವ ಧೈರ್ಯವನ್ನೂ ಕೊಡಿ. ಬಿಟ್ಟುಕೊಡಲ್ಪಟ್ಟವರಿಗೆ ಸಾರಯಳನ್ನು ಕಾದ ದೇವರ ಆಸರೆ ಇರಲಿ. ಮಾತೆ ಮರಿಯಮ್ಮನವರೇ, ಸಂತ ಜೋಸೆಫರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.